ಮಡಕೆಯ ತಳದಲ್ಲಿ ಒಂದು ಹಿಡಿ

ಅರಸೀಕೆರೆಯಿಂದ ಕಣಕಟ್ಟೆಗೆ ಬಸ್ಸಿದೆ. ಕಣಕಟ್ಟೆಯಿಂದ ಉತ್ತರಕ್ಕೆ ಇನ್ನೊಂದಿಷ್ಟು ದೂರ ಆಟೋ ಬರುತ್ತದೆ, ಅದೂ ಡ್ರೈವರಿಗೆ ಮನಸ್ಸಿದ್ದರೆ. ಅಲ್ಲಿಂದಾಚೆ ಕಾಲೇ ಗತಿ. ತೆಂಗಿನ ತೋಟಗಳು ಮುಗಿಯುತ್ತವೆ, ರಾಗಿ ಹೊಲಗಳು ವಿರಳವಾಗುತ್ತವೆ, ಆಮೇಲೆ ಬಂದ್ರೆ, ಕಾರೆ, ಜಾಲಿಗಳ ಕುರುಚಲು ಕಾಡು. ಆ ಕಾಡಿನ ನಡುವೆ, ಗುಡ್ಡದ ಬುಡದಲ್ಲಿ ಒಂದು ಕಲ್ಲು ಜಮೀನಿದೆ. ನನ್ನ ಹೆಂಡತಿಗೆ ಅವಳ ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟದ್ದು. ಅವಳು ತೀರಿಕೊಂಡ ಮೇಲೆ ನಾನು ಒಬ್ಬನೇ ಅಲ್ಲಿಗೆ ಬದುಕಲು ಹೋದೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು. ಮತ್ತೆ ಬೇಲೂರು, ಹಳೇಬೀಡು, ಜಾವಗಲ್, ಅರಸೀಕೆರೆ. ನನ್ನ ಆಯುಸ್ಸಿನ ಬಹುಪಾಲು ಇದೇ ರಸ್ತೆಯಲ್ಲಿ ನಿಂತುಕೊಂಡೇ ಕಳೆಯಿತು. ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗಿ ಕೂಗಿ ಗಂಟಲು ಒರಟಾಯಿತು. ಹಳೇಬೀಡಿನಲ್ಲಿ ದೇವಸ್ಥಾನದ ಎದುರಿಗೇ ಇಳಿದು ದೇವಸ್ಥಾನ ಎಲ್ಲಿ ಎಂದು ಕೇಳುವವರಿಗೆ ಉತ್ತರ ಕೊಟ್ಟೂ ಕೊಟ್ಟೂ ತಾಳ್ಮೆ ಹೋಯಿತು. ಮನೆಗೆ ಬಂದರೂ ಕಿವಿಯಲ್ಲಿ ಇಂಜಿನ್ನು ಓಡುತ್ತಲೇ ಇರುತ್ತಿತ್ತು. ಊಟಕ್ಕೆ ಕೂತಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು: ರಿಟೈರ್ ಆದ ಮಾರನೇ ದಿನ ನಿನ್ನ ಕಲ್ಲು ಜಮೀನಿಗೆ ಹೋಗಿಬಿಡುತ್ತೇನೆ, ರಾಗಿ ಬೆಳೆದುಕೊಳ್ಳುತ್ತೇನೆ, ಸೊಪ್ಪು ಕಿತ್ತು ತಿನ್ನುತ್ತೇನೆ, ಒರತೆ ನೀರು ಕುಡಿಯುತ್ತೇನೆ, ಒಂದು ನರಪಿಳ್ಳೆಯ ದನಿಯೂ ನನಗೆ ಬೇಡ.

ಅವಳು ನಗುತ್ತಿದ್ದಳು. ನಿಮಗೆ ಬೈಯಲಿಕ್ಕೆ ಯಾರಾದರೂ ಬೇಡವೇ, ಅಲ್ಲಿ ಯಾರಿಗೆ ಬೈಯುತ್ತೀರಿ, ನವಿಲಿಗಾ ಎನ್ನುತ್ತಿದ್ದಳು. ನೀನೂ ಬರುತ್ತೀಯಲ್ಲ, ನಿನಗೇ ಬೈಯುತ್ತೇನೆ ಎಂದು ನಾನು. ನಮಗೆ ಮಕ್ಕಳಿರಲಿಲ್ಲ. ಹೀಗೆ ಒಬ್ಬರನ್ನೊಬ್ಬರು ಕೆಣಕಿಕೊಂಡೇ ನಮ್ಮ ಮನೆಯಲ್ಲಿ ಮಾತು ಉಳಿದಿತ್ತು.

ಅವಳಿಗೆ ಒಂದು ಹುಚ್ಚಿತ್ತು, ಅವರೆ ಬೀಜದ್ದು. ಅಂಗಡಿಯ ಬೀಜ ಅಲ್ಲ. ಅವಳ ಅಜ್ಜಿಯ ಕಾಲದಿಂದ ಅವಳ ತವರಿನಲ್ಲಿ ಕೈಯಿಂದ ಕೈಗೆ ಬಂದದ್ದು, ಸಣ್ಣ ಕಾಳು, ಅಂಚಿನಲ್ಲಿ ಕೆಂಪು ಗೆರೆ. ಮದುವೆಯಾಗಿ ಬರುವಾಗ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಅರಸೀಕೆರೆಯ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ವರ್ಷ ವರ್ಷವೂ ಹಾಕಿ, ಒಣಗಿಸಿ, ಒಲೆಯ ಬೂದಿ ಬೆರೆಸಿ, ಹೊಂಗೆ ಎಲೆ ಹಾಸಿದ ಮಡಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತಿ ಅಟ್ಟದ ಮೇಲೆ ಇಡುತ್ತಿದ್ದಳು. ಆ ಮಡಕೆಗೆ ಅವಳ ತವರಿನ ಕಟ್ಟುಗಳಿದ್ದವು. ಬೀಜವನ್ನು ಮಾರಬಾರದು. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು, ಹಾಗೇ ಕೇಳದವರ ಮನೆಗೆ ಹೊತ್ತುಕೊಂಡು ಹೋಗಿ ಕೊಡಲೂಬಾರದು. ಹೆಣ್ಣಿನ ಕೈಯಿಂದ ಹೆಣ್ಣಿನ ಮಡಿಲಿಗೆ ಹೋಗಬೇಕು. ಬಿತ್ತುವ ದಿನ ಮಡಕೆಯ ತಳದಲ್ಲಿ ಒಂದಿಷ್ಟು ಬಿಟ್ಟೇ ತೆಗೆಯಬೇಕು. ಇದೆಲ್ಲ ಹೆಂಗಸರ ಶಾಸ್ತ್ರ ಅಂತ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ನನಗೆ ಗೊತ್ತಿದ್ದದ್ದು ಮಾಗಿಯ ಕಾಲದ ಕಾಯಿ ಮಾತ್ರ.

ಮಾಗಿಯ ಇಬ್ಬನಿ ಬಿದ್ದ ಮೇಲೆ ಆ ಕಾಯಿಯ ಸಿಪ್ಪೆಗೆ ಒಂದು ಜಿಡ್ಡು ಬರುತ್ತಿತ್ತು. ಅದರ ವಾಸನೆಗೇ ನಾವು ಸೊಗಡು ಅನ್ನುವುದು. ಈಗಿನ ಕಾಯಿಗೆ ಅದಿಲ್ಲ. ವರ್ಷವಿಡೀ ಸಿಗುತ್ತದೆ, ಹುಲ್ಲಿನ ಹಾಗೆ ಇರುತ್ತದೆ. ಇವಳ ಕಾಯಿಯ ಸೊಗಡು ಸೋಪಿಗೂ ಹೋಗುತ್ತಿರಲಿಲ್ಲ. ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ನಾನು ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿತುಕಿ ಸಿಪ್ಪೆ ಹಾರಿಸುತ್ತಿದ್ದೆ, ಬೇಕೆಂದೇ ಅವಳ ಕಡೆಗೆ. ಬೈಸಿಕೊಳ್ಳುತ್ತಿದ್ದೆ. ಅವಳು ಕೈ ತೊಳೆದು ಬಂದು ಹಣೆ ಮುಟ್ಟಿ ಜ್ವರ ನೋಡಿದರೂ ಸೊಗಡು, ಹೊದಿಕೆ ಹೊದಿಸಿದರೂ ಸೊಗಡು. ಅವಳು ಅಂದರೆ ನನಗೆ ಮೊದಲು ನೆನಪಾಗುವುದು ಮುಖವಲ್ಲ, ಆ ಕೈಯ ವಾಸನೆ.

ನಾನು ರಿಟೈರಾದ ವರ್ಷವೇ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆವು. ಹಳೇಬೀಡಿಗೆ ಕೊಟ್ಟಿದ್ದ ಅವಳ ತಂಗಿ ಬಂದು ಜೊತೆಗಿದ್ದಳು. ಹೆಂಗಸರ ವಾರ್ಡಿಗೆ ಗಂಡಸರನ್ನು ಹೇಳಿದ ಹೊತ್ತಿಗೆ ಮಾತ್ರ ಬಿಡುತ್ತಿದ್ದರು. ಅಕ್ಕ ತಂಗಿ ಏನು ಮಾತಾಡಿಕೊಂಡರೋ ನನಗೆ ಗೊತ್ತಾಗುತ್ತಿರಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಬರುವ ಹೋಗುವ ಬಸ್ಸುಗಳ ಬೋರ್ಡು ಓದುತ್ತಿದ್ದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಅವಳು ಹೋಗಿಬಿಟ್ಟಳು.

ತಿಥಿಯ ಊಟ ಮುಗಿದ ದಿನ ಎಲ್ಲರ ಮುಂದೆ ಹೇಳಿದೆ, ಮನೆ ಖಾಲಿ ಮಾಡಿ ಕಲ್ಲು ಜಮೀನಿಗೆ ಹೋಗುತ್ತೇನೆ ಅಂತ. ನಾದಿನಿಗೆ ಸಿಟ್ಟು ಬಂತು. ಅಕ್ಕ ಸತ್ತದ್ದಕ್ಕೆ ನಾವೆಲ್ಲ ಸತ್ತುಹೋದೆವಾ, ಮನುಷ್ಯರ ಮೇಲೆ ಯಾಕೆ ಸೇಡು ಎಂದಳು. ನನ್ನ ಬಾಯಿ ಮೊದಲೇ ಕಂಡಕ್ಟರ್ ಬಾಯಿ. ನಿನ್ನ ಉಪದೇಶ ನಿನ್ನ ಗಂಡನಿಗೆ ಹೇಳಿಕೋ ಎಂದುಬಿಟ್ಟೆ. ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು. ನಾನು ಎರಡು ಪಾತ್ರೆ, ಒಂದು ಕಂಬಳಿ, ಗುದ್ದಲಿ, ಮಚ್ಚು, ಅಟ್ಟದ ಮೇಲಿನ ಆ ಮಡಕೆ, ಇಷ್ಟು ಹಿಡಿದುಕೊಂಡು ಹೊರಟೆ.

ಮಾವನ ಕಾಲದ ಕಲ್ಲುಗೋಡೆಯ ಕೊಟ್ಟಿಗೆಯೊಂದು ಅಲ್ಲಿ ನಿಂತಿತ್ತು. ಮೇಲೆ ಶೀಟು ಹೊದಿಸಿಕೊಂಡೆ. ಗುಡ್ಡದ ಕಣಿವೆಯಲ್ಲಿ ಒರತೆ ಇತ್ತು, ಬೇಸಿಗೆಯಲ್ಲಿ ಕೊಡ ತುಂಬಲು ಕಾದು ಕೂರಬೇಕು. ಕಾರೆ ಹಣ್ಣು, ಅಣ್ಣೆ ಸೊಪ್ಪು, ಮಳೆ ಬಿದ್ದ ಮೇಲೆ ಹುತ್ತದ ಬಳಿ ಅಣಬೆ. ಫೋನಿಗೆ ಸಿಗ್ನಲ್ಲು ಬೇಕಿದ್ದರೆ ಬಂಡೆ ಹತ್ತಬೇಕು; ನಾನು ಹತ್ತಲಿಲ್ಲ. ಕರಡಿಯ ಹೆಜ್ಜೆ ಒರತೆಯ ಕೆಸರಿನಲ್ಲಿ ಕಾಣುತ್ತಿತ್ತು. ಅದಕ್ಕೂ ನನಗೂ ನೀರಿಗೆ ಹೋಗುವ ಹೊತ್ತು ಬೇರೆ ಬೇರೆಯಾದ್ದರಿಂದ ಜಗಳ ಬರಲಿಲ್ಲ. ಒಂದು ನರಪಿಳ್ಳೆಯೂ ಬೇಡ ಅಂದಿದ್ದೆನಲ್ಲ, ಹಾಗೇ ಸಿಕ್ಕಿತು. ಆದರೆ ನಾನು ಬಯಸಿದ್ದ ಮೌನದಲ್ಲಿ ಅವಳೂ ಇದ್ದಳು. ಒಲೆಯ ಹತ್ತಿರ ಪಾತ್ರೆ ಸದ್ದು, ಯಾವುದಕ್ಕೋ ಗೊಣಗುವುದು, ಇಷ್ಟು ಸೇರಿದ ಮೌನ ಅದು. ಇದು ಬೇರೆಯೇ ಆಗಿತ್ತು. ಮುದ್ದೆ ತೊಳಸಿ ಇಳಿಸಿದ ಮೇಲೆ ಉಣ್ಣಲಾಗದೆ ಎಷ್ಟೋ ಸಲ ಸುಮ್ಮನೆ ಕೂತಿದ್ದೇನೆ.

ಒಂದೇ ಆಸೆ ಇಟ್ಟುಕೊಂಡಿದ್ದೆ. ಮಳೆಗಾಲಕ್ಕೆ ರಾಗಿಯ ಜೊತೆ ಆ ಅವರೆ ಬಿತ್ತಬೇಕು, ಮಾಗಿಗೆ ಕಾಯಿ ಆಗಬೇಕು, ಆ ವಾಸನೆ ಇನ್ನೊಮ್ಮೆ ಈ ಮನೆಯಲ್ಲಿ ಏಳಬೇಕು. ಬೇರೆ ಯಾವುದಕ್ಕೂ ನಾನು ಬೆಳಗ್ಗೆ ಏಳುತ್ತಿರಲಿಲ್ಲ.

ಗುಡ್ಡದ ಆಚೆ ಕುರಿ ಸಾಕುವವರ ಹಟ್ಟಿಯೊಂದಿತ್ತು. ಅಲ್ಲಿಯ ಒಬ್ಬ ಅಜ್ಜಿ ಕುರಿ ಹೊಡೆದುಕೊಂಡು ನನ್ನ ಬೇಲಿಯ ಪಕ್ಕ ಬರುತ್ತಿದ್ದಳು. ನಾನು ಮಾತಾಡಿಸದಿದ್ದರೂ ನಿಂತು ನೋಡಿ ಹೋಗುವವಳು. ಪುನರ್ವಸು ಮಳೆ ಚೆನ್ನಾಗಿ ಬಿದ್ದಾಗ ಹಟ್ಟಿಯವರ ಎತ್ತು ಕೇಳಿಕೊಂಡು ಬಂದು ರಾಗಿ ಬಿತ್ತಿಸಿದೆ. ರಾಗಿ ಸಾಲಿನ ನಡುನಡುವೆ ಅವರೆ, ತೊಗರಿ ಹಾಕುವ ಸಾಲಿಗೆ ಅಕ್ಕಡಿ ಅನ್ನುತ್ತಾರೆ. ನೇಗಿಲ ಹಿಂದೆ ಹೆಂಗಸರು ಮಡಿಲಿಂದ ತೆಗೆದು ಕಾಳು ಬಿಡುತ್ತಾ ಹೋಗುವುದು ರೂಢಿ. ಅಜ್ಜಿ ಅಂದು ತಾನಾಗಿಯೇ ಬಂದು ಸೆರಗು ಸಿಕ್ಕಿಸಿ ನಿಂತಳು.

"ಅಕ್ಕಡಿಗೆ ಹೆಣ್ಣು ಕೈ ಬೀಳ್ಬೇಕು ಕಣಪ್ಪ. ಕೊಡು, ನಾ ಬಿಡ್ತೀನಿ."

ಬೇಡ ಎಂದೆ. ಆ ಬೀಜವನ್ನು ಇನ್ನೊಂದು ಹೆಣ್ಣು ಮುಟ್ಟುವುದನ್ನು ನನಗೆ ಸಹಿಸಲಾಗಲಿಲ್ಲ. ಅಜ್ಜಿ ಹೋದ ಮೇಲೆ ಮಡಕೆಯ ಸಗಣಿ ಒಡೆದೆ. ಅರ್ಧಕ್ಕಿಂತ ಕೆಳಗಿತ್ತು. ಕಾಯಿಲೆಯ ವರ್ಷ, ಪಾಪ, ಕೂಡಿಡಲು ಆಗಿರಲಿಕ್ಕಿಲ್ಲ ಅಂದುಕೊಂಡೆ. ಬೂದಿಯ ನಡುವೆ ನನ್ನ ಹೆಂಡತಿಯ ಬೆರಳು ಆಡಿದ ಕಾಳು. ಕಣ್ಣೀರು ಬಂತು. ಇಷ್ಟೇ ಇದೆಯಲ್ಲ, ಒಂದು ಕಾಳೂ ಬಿಡಬಾರದು, ಬಿತ್ತಿದಷ್ಟೂ ಅವಳು ಹೆಚ್ಚಾಗಿ ಬರುತ್ತಾಳೆ ಅನ್ನುವ ಹಾಗಿತ್ತು ನನ್ನ ಲೆಕ್ಕ. ಮಡಕೆಯನ್ನು ಬೋರಲು ಹಾಕಿ, ಬೆನ್ನು ತಟ್ಟಿ, ತಳದ ಬೂದಿಯನ್ನೂ ಜರಡಿ ಹಿಡಿದು ಎಲ್ಲವನ್ನೂ ಬಿತ್ತಿದೆ.

ಮೊಳಕೆ ಬಂದವು. ಮಣ್ಣನ್ನು ಬೆನ್ನ ಮೇಲೆ ಹೊತ್ತು ಎದ್ದು ನಿಂತ ಸಾಲು ನೋಡಿ ನಾನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಆಮೇಲೆ ನವಿಲುಗಳು ಬಂದವು. ಹಿಂಡು ಹಿಂಡಾಗಿ, ಟಿಕೆಟ್ಟಿಲ್ಲದ ಪ್ರಯಾಣಿಕರ ಹಾಗೆ ಬೇಲಿ ಹಾರಿ ಬಂದು ಎಳೆ ಕುಡಿಗಳನ್ನೇ ಆರಿಸಿ ತಿಂದವು. ತಗಡು ಬಡಿದೆ, ಕೂಗಿದೆ, ಕಲ್ಲು ಬೀಸಿದೆ. ಈ ಕಡೆ ಓಡಿಸಿದರೆ ಆ ಕಡೆ ಇಳಿಯುತ್ತಿದ್ದವು. ಅವು ಬಿಟ್ಟದ್ದನ್ನು ಮೊಲ ಮುಗಿಸಿತು. ಒಂದು ದಿನ ಬೆಳಗ್ಗೆ ಹೋಗಿ ನೋಡಿದರೆ ಅಕ್ಕಡಿ ಸಾಲಿನಲ್ಲಿ ಕಡ್ಡಿಗಳು ಮಾತ್ರ ನಿಂತಿದ್ದವು. ನವಿಲಿಗೆ ಬೈಯುತ್ತೀರಾ ಎಂದು ಅವಳು ನಕ್ಕಿದ್ದು ನೆನಪಾಗಿ ನಾನು ಆ ಸಾಲಿನ ಮೇಲೇ ಕೂತು ಜೋರಾಗಿ ಅತ್ತೆ.

ಅಜ್ಜಿ ಬೇಲಿಯ ಆಚೆ ನಿಂತು ಅಳುವುದು ಮುಗಿಯಲಿ ಅಂತ ಕಾದಳು. ಮತ್ತೆ ಹಾಕಿದರಾಯಿತು, ಹದ ಇನ್ನೂ ಐತೆ, ಮಡಕೆ ತಾ ಎಂದಳು. ಕೊಟ್ಟಿಗೆಯ ಬಾಗಿಲಲ್ಲಿ ಬೋರಲು ಬಿದ್ದಿದ್ದ ಮಡಕೆಯ ಕಡೆ ಕೈ ತೋರಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ತಳದಾಗೆ ಒಂದು ಹಿಡಿನೂ ಬಿಡ್ಲಿಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ, ಸತ್ತ ನನ್ನ ಹೆಂಡತಿಯ ಬೀಜ ಅದು ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಿನ್ನ ಹೆಂಡತಿ ಯಾರಿಗಾದರೂ ಕೊಟ್ಟಿರುತ್ತಾಳೆ, ಹೋಗಿ ಕೇಳು ಎಂದು ಹೇಳಿ ಕುರಿಗಳ ಹಿಂದೆ ಹೋದಳು.

ಯಾರ ಮುಖವನ್ನೂ ನೋಡಬಾರದು ಎಂದು ಬಂದವನು ಹೀಗೆ ಕಾಡಿನಿಂದ ಇಳಿದೆ. ಯಾರಿಗೆ ಕೊಟ್ಟಿದ್ದಳು ಎಂದು ಕೂತು ಯೋಚಿಸಿದರೆ ಹೊಳೆದದ್ದು ಕೆಲವೇ ಮನೆ. ಗಂಡಸಿ ಎಂಬ ಊರಿನ ಹತ್ತಿರ ನನ್ನ ಹೆಂಡತಿಯ ಚಿಕ್ಕಮ್ಮನ ಮಗಳಿದ್ದಳು. ಅವಳು ನನ್ನ ಗಡ್ಡ ನೋಡಿ ಬೆಚ್ಚಿಬಿದ್ದಳು, ಕಾಫಿ ಕೊಟ್ಟಳು, ಆಮೇಲೆ ಹೊಲದ ಕಡೆ ಕೈ ತೋರಿಸಿದಳು. ರಾಗಿ ಬಿಟ್ಟು ಹೊಲವನ್ನೆಲ್ಲ ತೆಂಗಿಗೆ ಹಾಕಿದ್ದರು, ಅಕ್ಕಡಿಯನ್ನೇ ಮರೆತಿದ್ದರು. ಅರೇಹಳ್ಳಿಯ ಕಡೆ ಕಾಫಿ ತೋಟದ ಮನೆಗೆ ಸೇರಿದ್ದ ಅವಳ ಬಾಲ್ಯದ ಗೆಳತಿ ಇನ್ನೊಬ್ಬಳು. ಬೇಲೂರಿನಲ್ಲಿ ಬಸ್ಸು ಬದಲಿಸಿ ಮಳೆಯಲ್ಲಿ ನೆನೆದುಕೊಂಡು ಅಲ್ಲಿಗೂ ಹೋದೆ. ಆ ಮಳೆಗೆ ಅವರೆ ಕೊಳೆತು ಹೋಗುತ್ತಿತ್ತಂತೆ. ಎರಡು ವರ್ಷ ನೋಡಿ, ಉಳಿದ ಬೀಜವನ್ನು ನೆನೆಹಾಕಿ ಸಾರು ಮಾಡಿಬಿಟ್ಟೆ ಎಂದು ಆಕೆ ಕಣ್ಣು ತುಂಬಿಕೊಂಡಳು. ಸಾರು ಮಾತ್ರ ಬಹಳ ಚೆನ್ನಾಗಿತ್ತು ಎಂದೂ ಸೇರಿಸಿದಳು. ಎಂಥ ಹೆಂಗಸಪ್ಪ ಎಂದು ಸಿಟ್ಟು ಬಂದರೂ, ನನ್ನ ಹೆಂಡತಿಯ ಬೀಜವನ್ನು ಹೊಗಳಿದವರನ್ನು ಬಿಟ್ಟು ಏಳಲು ಮನಸ್ಸಾಗದೆ ಮಳೆ ನಿಲ್ಲುವ ತನಕ ಕೂತೆ.

ಉಳಿದದ್ದು ಹಳೇಬೀಡು. ಅಲ್ಲಿಗೆ ಹೋಗಲು ನನಗೆ ಮುಖವಿರಲಿಲ್ಲ. ಬೇಲೂರಿನಿಂದ ವಾಪಸ್ಸು ಬರುವ ಬಸ್ಸು ಹೇಗಿದ್ದರೂ ಅಲ್ಲೇ ನಿಲ್ಲಬೇಕು. ಕಂಡಕ್ಟರು ಹೊಸ ಹುಡುಗ, ಮುಂದೆ ಹೋಗಿ ಯಜಮಾನ್ರೇ ಎಂದು ನನಗೇ ಹೇಳಿದ. ಅರಸೀಕೆರೆಗೆ ಟಿಕೆಟ್ಟು ತೆಗೆದುಕೊಂಡಿದ್ದೆ. ಹಳೇಬೀಡಿನಲ್ಲಿ ಬಾಗಿಲು ತೆರೆದಾಗ ಕಾಲು ತಾನಾಗಿ ಇಳಿಯಿತು.

ನಾದಿನಿಯ ಮನೆ ಕೆರೆ ಏರಿಯ ಕೆಳಗೆ. ಅವಳು ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು, ಬನ್ನಿ ಭಾವ ಎಂದಳು, ನಿನ್ನೆ ಹೋಗಿ ಇವತ್ತು ಬಂದವನನ್ನು ಕರೆದ ಹಾಗೆ. ಕಾಲು ತೊಳೆಯಲು ನೀರು ಕೊಟ್ಟಳು. ಊಟಕ್ಕೆ ಹಾಕಿದಳು. ನಾನು ಮುದ್ದೆ ಮುರಿಯುತ್ತಾ ತಲೆ ಎತ್ತದೆ, ಬೀಜ ಬೇಕಿತ್ತು, ಅವಳ ಅವರೆ ಬೀಜ, ನನ್ನದು ಹೋಯಿತು ಎಂದೆ. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಇಲ್ಲ ಅಂತ ಹೇಳಲು ಮಾತು ಹುಡುಕುತ್ತಿದ್ದಾಳೆ ಎಂದುಕೊಂಡು ಕೈ ತೊಳೆದು ಹೊರಡಲು ಎದ್ದೆ.

ಅವಳು ಒಂದು ಮಡಕೆ ತಂದು ನನ್ನ ಮುಂದಿಟ್ಟಳು. ಬಾಯಿಗೆ ಮೆತ್ತಿದ ಸಗಣಿ ಒಣಗಿತ್ತು. ಅವಳ ಕಣ್ಣು ಕೆಂಪಾಗಿದ್ದವು.

"ಇದು ನನ್ನ ಬೀಜ ಅಲ್ಲ ಭಾವ. ಅಕ್ಕ ಆಸ್ಪತ್ರೇಲಿ ಮಲಗಿದ್ದಾಗ ಹೇಳಿದ್ಲು. ನಮ್ಮನೆ ಅಟ್ಟದ ಮೇಲೆ ಮಡಕೆ ಐತೆ, ಅರ್ಧ ತಗೊಂಡು ಬಾಯಿಗೆ ಮತ್ತೆ ಸಗಣಿ ಮೆತ್ತಿಡು, ತಗೊಂಡಿದ್ದನ್ನ ನಿಮ್ಮನೇಲಿಕ್ಕು ಅಂತ. ನಿಮ್ ಭಾವ ಆ ಕಾಡಿಗೆ ಹೋಗೇ ಹೋಯ್ತಾರೆ, ಹೋಗಿ ಎಲ್ಲಾನೂ ಒಂದೇ ಸಲ ಬಿತ್ತಿಬಿಡ್ತಾರೆ ಅಂದ್ಲು."

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಹಾಗಾದರೆ ನಾನು ಹೊರಟ ದಿನವೇ ಯಾಕೆ ಹೇಳಲಿಲ್ಲ, ಯಾಕೆ ಕೊಡಲಿಲ್ಲ ಎಂದು ಕೇಳಿದೆ. ನನ್ನ ದನಿ ಜೋರಾಗಿಯೇ ಇತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕೇಳ್ಕೊಂಡು ಬರೋ ತಂಕ ಕೊಡ್ಬೇಡ ಅಂದಿದ್ಲು. ಕೇಳೋಕಾದ್ರೂ ನಾಕು ಮನೆ ಬಾಗಿಲಿಗೆ ಹೋಗ್ಲಿ, ಒಬ್ರೇ ಕೂತು ಕೂತು ಸತ್ತೋಗ್ಬಾರ್ದು ಅಂತ."

ಆ ಜಗಲಿಯ ಮೇಲೆ ನಾವಿಬ್ಬರೂ ಅತ್ತೆವು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಸ್ಸಿನ ಬೋರ್ಡು ಓದುತ್ತಿದ್ದಾಗ ಅವಳು ಒಳಗೆ ನೋವು ತಿನ್ನುತ್ತಾ ನನ್ನ ಮುಂದಿನ ವರ್ಷದ ಬಿತ್ತನೆಯನ್ನು ಯೋಚಿಸುತ್ತಿದ್ದಳು. ನಾನು ಹೋಗುವುದನ್ನು ಅವಳು ತಡೆಯಬಹುದಿತ್ತು. ಹೋಗಬೇಡಿ ಅಂದಿದ್ದರೆ ನಾನು ಹೋಗುತ್ತಿರಲಿಲ್ಲ. ಅದನ್ನು ಹೇಳದೆ ಹಿಂದಿರುಗುವ ದಾರಿಯನ್ನು ಮಾತ್ರ ಮಾಡಿಟ್ಟಿದ್ದಳು. ಇಷ್ಟು ತಿಳಿದವಳ ಜೊತೆ ಇಷ್ಟು ವರ್ಷ ಇದ್ದು ನಾನು ಅವಳಿಗೆ ಹೇಳಿದ್ದೆಲ್ಲ ಬಸ್ಸಿನ ಕತೆಯೇ.

ನಾದಿನಿ ನನ್ನ ಟವೆಲ್ಲನ್ನು ಹಾಸಲು ಹೇಳಿ ಅರ್ಧ ಸುರಿದಳು. ಮಡಿಲಿಗೆ ಹಾಕುವ ಬೀಜ, ಗಂಡಸಿನ ಟವೆಲ್ಲಿಗೆ ಬೀಳುತ್ತಿರುವುದು ಇದೇ ಮೊದಲಿರಬೇಕು ಎಂದಳು. ಉಳಿದ ಅರ್ಧವನ್ನು ಮಡಕೆಯಲ್ಲೇ ಬಿಟ್ಟು ಒಳಗೆ ತೆಗೆದುಕೊಂಡು ಹೋದಳು.

ಆ ವರ್ಷದ ಹದ ಮೀರಿತ್ತು. ಮರು ವರ್ಷ ಹಟ್ಟಿಯ ಅಜ್ಜಿಯನ್ನು ಕರೆದು ಅವಳ ಮಡಿಲಿಗೆ ನಾನೇ ಬೀಜ ಹಾಕಿದೆ. ಬಿತ್ತನೆ ಮುಗಿದ ಮೇಲೆ ಒಂದು ಹಿಡಿ ಅವಳೂ ಒಯ್ದಳು. ಒಂದು ಹಿಡಿ ನನ್ನ ಮಡಕೆಯ ತಳದಲ್ಲಿ ಉಳಿಯಿತು. ಕುಡಿ ಬಲಿಯುವ ತನಕ ಹಟ್ಟಿಯವರ ನಾಯಿ ನನ್ನ ಹೊಲದಲ್ಲೇ ಇತ್ತು, ನವಿಲುಗಳು ದೂರದಿಂದಲೇ ನೋಡಿ ಹೋದವು. ಕಾರ್ತಿಕ ಕಳೆದ ಮೇಲೆ ಬಳ್ಳಿ ಕೊಯ್ದ ರಾಗಿಯ ಕೂಳೆಯ ಮೇಲೆ ಹರಡಿ ಹೂ ಬಿಟ್ಟಿತು.

ಮಾಗಿಯ ಇಬ್ಬನಿ ಚೆನ್ನಾಗಿ ಬಿದ್ದ ಒಂದು ಬೆಳಗ್ಗೆ ಕಾಯಿ ಕಿತ್ತೆ. ಮೊದಲನೆಯದನ್ನು ಕೈಯಲ್ಲಿ ಹಿಸುಕಿದಾಗಲೇ ಬಂತು, ಅದೇ ಸೊಗಡು. ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಮೊರ ತುಂಬ ಕಿತ್ತು ತಂದು ಬಾಗಿಲಲ್ಲಿ ಕೂತು ಸುಲಿದೆ. ಕಾಳು ನೆನೆಹಾಕಿದೆ. ಸಂಜೆ ಹಿತುಕಲು ಕೂತೆ. ಅಭ್ಯಾಸದಂತೆ ಮೊದಲ ಕಾಳಿನ ಸಿಪ್ಪೆ ಎದುರಿಗೆ ಹಾರಿ ಗೋಡೆಯ ಬುಡದಲ್ಲಿ ಬಿತ್ತು. ಬೈಯುವವರಿಲ್ಲ. ನಾನು ಸ್ವಲ್ಪ ಹೊತ್ತು ಕಾದದ್ದು ನಿಜ.

ನಾನು ಕಾಡಿಗೆ ಹೋಗುವುದು ಅವಳಿಗೆ ಗೊತ್ತಿತ್ತು. ಬೀಜ ಕಳೆದುಕೊಳ್ಳುವುದು ಗೊತ್ತಿತ್ತು, ಕೇಳಿಕೊಂಡು ಹೋಗುವುದೂ ಗೊತ್ತಿತ್ತು. ಎಲ್ಲದಕ್ಕೂ ಏರ್ಪಾಡು ಮಾಡಿಟ್ಟು ಹೋದಳು. ಕಾಯಿ ಬಂದ ಮೇಲೆ ಯಾರ ಎದುರು ಕೂತು ಹಿತುಕಬೇಕು ಎಂಬುದಕ್ಕೆ ಮಾತ್ರ ಏನೂ ಮಾಡಿಡಲಿಲ್ಲ. ಆ ದಿನ ನೆನೆದ ಕಾಳೆಲ್ಲವನ್ನೂ ಬಟ್ಟಲಿಗೆ ಹಾಕಿಕೊಂಡು ಗುಡ್ಡ ದಾಟಿ ಹಟ್ಟಿಗೆ ಹೋದೆ. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ನನ್ನ ಕೈ ಹತ್ತಿರ ಬಂದಾಗ ಮೂಗು ಎಳೆದು, ಏನು ಸೊಗಡಪ್ಪ ಇದು, ಯಾರ ಮನೆ ಬೀಜ ಎಂದು ಗೊತ್ತಿದ್ದೂ ಕೇಳಿದಳು. ನನ್ನ ಹೆಂಡತಿಯದು ಎಂದೆ.